ಕಡಲ ವಿಷದಿಂದ ನೋವಿನ ಮದ್ದು

ಕಡಲ ದಂಡೆಯಲ್ಲಿ ಅಂದವಾದ ಚಿಪ್ಪನ್ನು ಕಂಡರೆ ನಾವು ಎತ್ತಿಕೊಳ್ಳದೆ ಬಿಡುವುದಿಲ್ಲ. ಆದರೆ ಶಂಕುವಿನಾಕಾರದ ಕಡಲ ಬಸವನಹುಳು ಜೀವಂತವಾಗಿದ್ದರೆ ಅದನ್ನು ಮುಟ್ಟಬಾರದು. ಈಟಿಯಂತಹ ಹಲ್ಲಿನಿಂದ ವಿಷ ಚುಚ್ಚಿ ಅದು ಮೀನನ್ನೇ ಸ್ತಬ್ಧಗೊಳಿಸಿ ನುಂಗಬಲ್ಲುದು. ಅದರ ಕುಲದ ಒಂದು ಜಾತಿಯಿಂದ ಮನುಷ್ಯರೂ ಸತ್ತಿದ್ದಾರೆ.

ಫಿಲಿಪ್ಪೀನ್ಸಿನವರಾದ ಬಾಲ್ಡೊಮೆರೊ ಒಲಿವೆರಾ ಅವರು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಈ ವಿಷವನ್ನು ಶೋಧಿಸಿದರು. ಅದರಲ್ಲಿದ್ದುದು ಪೆಪ್ಟೈಡುಗಳು, ಎಂದರೆ ಅಮೈನೋ ಆಮ್ಲಗಳ ಕಿರುಸರಗಳು. ಅವರ ಬಳಿ ಕಲಿಯುತ್ತಿದ್ದ ತರುಣ ಮೈಕೆಲ್ ಮ್ಯಾಕಿಂಟಾಶ್ ಬೇರ್ಪಡಿಸಿದ 25 ಮಣಿಗಳ ಸರವೊಂದು, ಬೆನ್ನುಹುರಿಗೆ ನೋವಿನ ಸುದ್ದಿ ಮುಟ್ಟಿಸುವ ನರತುದಿಯ ಕ್ಯಾಲ್ಸಿಯಂ ದ್ವಾರವನ್ನೇ ಮುಚ್ಚುತ್ತದೆ. ಪ್ರಯೋಗಶಾಲೆಯಲ್ಲಿ ಹೆಣೆದ ಅದೇ ಸರವು ಜಿಕೊನೊಟೈಡ್ ಎಂಬ ಹೆಸರಿನಿಂದ 2004ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆಯಿತು. ಮಾರ್ಫಿನ್‌ನಂತೆ ಇದು ಚಟ ಹಿಡಿಸದು.

ಹಾಗಾದರೆ ಗುಳಿಗೆಯಾಗಿ ಏಕೆ ದೊರೆಯದು? ಉಂಡ ಬೇಳೆಯನ್ನು ಅರಗಿಸುವ ನಮ್ಮ ಹೊಟ್ಟೆಗೆ ಇದೂ ಆಹಾರವೇ! ರಕ್ತಕ್ಕೆ ಸೇರಿಸಿದರೂ ಬೆನ್ನುಹುರಿಯನ್ನು ಸಾಕಷ್ಟು ತಲುಪದು. ಆದ್ದರಿಂದ ಬೆನ್ನುಹುರಿಯ ದ್ರವಕ್ಕೇ ಪಂಪಿನಿಂದ ಹನಿಸಬೇಕು. ಆಗಲೂ ತಲೆಸುತ್ತು, ಭ್ರಾಂತಿಗಳ ಭಯವುಂಟು. ಬೇರಾವ ಮದ್ದಿಗೂ ಬಗ್ಗದ ನೋವಿಗೆ ಮಾತ್ರ ಇದು ಸಲ್ಲುತ್ತದೆ.

ಆಸ್ಟ್ರೇಲಿಯದ ಡೇವಿಡ್ ಕ್ರೈಕ್ ಮತ್ತು ಸಂಗಡಿಗರು ಇಂತಹುದೇ ಇನ್ನೊಂದು ಸರದ ಎರಡು ತುದಿಗಳನ್ನು ಬೆಸೆದು ಬಳೆಯಾಗಿಸಿದರು. ತುದಿಯೇ ಇಲ್ಲವಾದಾಗ ಜೀರ್ಣರಸಕ್ಕೆ ಅದನ್ನು ಬಿಡಿಸುವುದು ಕಷ್ಟ. ಬಾಯಿಂದ ಕೊಟ್ಟಾಗಲೂ ಇಲಿಗಳ ನರನೋವು ತಗ್ಗಿತೆಂದು 2010ರಲ್ಲಿ ಅವರು ಪ್ರಕಟಿಸಿದರು. ಮನುಷ್ಯರ ಕೈಗೆ ಆ ಗುಳಿಗೆ ಇನ್ನೂ ಬಂದಿಲ್ಲ.