ಕಂಬವಿಲ್ಲದ ಮನೆಗೆ ಯಾವ ಇನ್ವರ್ಟರ್?

2024ರಲ್ಲಿ ‘ಪಿಎಂ ಸೂರ್ಯಘರ್’ ಯೋಜನೆ ಶುರುವಾದ ಮೇಲೆ ಊರೂರಲ್ಲೂ ಸೋಲಾರ್ ಮಾತು. ಅದರ ಬೆನ್ನಿಗೇ ಒಂದು ಪ್ರಶ್ನೆ: ಪ್ಯಾನೆಲ್ ಮೇಲೆ ಬಿಸಿಲು ಸುಡುತ್ತಿದ್ದರೂ ಕರೆಂಟ್ ಹೋದ ಕೂಡಲೇ ಮನೆಯ ಫ್ಯಾನೂ ನಿಲ್ಲುವುದೇಕೆ? ಗ್ರಿಡ್‌ಗೆ ಜೋಡಿಸುವ ಸಾಮಾನ್ಯ ಇನ್ವರ್ಟರ್ ತಾನಾಗಿ ವೋಲ್ಟೇಜ್ ಎಬ್ಬಿಸುವುದಿಲ್ಲ. ಲೈನಿನಲ್ಲಿರುವ 50 ಹರ್ಟ್ಸ್ ಅಲೆಯನ್ನು ಅನುಸರಿಸಿ ತನ್ನ ಕರೆಂಟನ್ನು ಸೇರಿಸುತ್ತದೆ. ಲೈನ್ ಹೋದರೆ ಅದೂ ಬಂದ್ ಆಗಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಅಪಾಯ.

ಹಾಗಾಗಿ ಕಂಬವೇ ಬಾರದ ಮಲೆನಾಡಿನ ಒಂಟಿಮನೆಗೆ ಅದು ಎಷ್ಟು ಅಗ್ಗಕ್ಕೆ ಸಿಕ್ಕರೂ ಉಪಯೋಗವಿಲ್ಲ. ಅಲ್ಲಿಗೆ ಬೇಕಾದದ್ದು ಬ್ಯಾಟರಿಯಿಂದ ಸ್ವತಂತ್ರವಾಗಿ 230 ವೋಲ್ಟ್ ಕೊಡುವ ಆಫ್‌ಗ್ರಿಡ್ ಇನ್ವರ್ಟರ್.

ಅಂಗಡಿಯಲ್ಲಿ ಮೊದಲು ಹೇಳುವುದು ವ್ಯಾಟ್ ಲೆಕ್ಕ. ಮೊದಲು ಕೇಳಬೇಕಾದದ್ದು ಅಲೆಯ ಆಕಾರ. ಉಯ್ಯಾಲೆಯನ್ನು ಹದವಾಗಿ ತೂಗಿದರೆ ಅದು ಸರಾಗವಾಗಿ ಆಡುತ್ತದೆ. ಎರಡು ತುದಿಯಲ್ಲೂ ಗಕ್ಕನೆ ನೂಕಿದರೆ ಆಡುತ್ತದಾದರೂ ಸರಪಳಿ, ಕೊಂಡಿ ಎಲ್ಲ ಅದುರುತ್ತವೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೋಟಾರಿಗೆ ಮಾಡುವುದು ಇದನ್ನೇ. ಅದರ ಚೌಕ ಅಲೆಯಲ್ಲಿ 50 ಹರ್ಟ್ಸ್ ಜೊತೆಗೆ ಅದರ ಮೂರನೇ ಒಂದರಷ್ಟು ಬಲದ 150 ಹರ್ಟ್ಸ್, ಐದನೇ ಒಂದರಷ್ಟು 250 ಹರ್ಟ್ಸ್ ಬೆರೆತಿರುತ್ತವೆ. ಇವು ಮೋಟಾರನ್ನು ತಿರುಗಿಸಲು ನೆರವಾಗದೆ ಬಿಸಿ ಮಾಡುತ್ತವೆ, ಗುಂಯ್‌ಗುಡಿಸುತ್ತವೆ. ‘ಮಾಡಿಫೈಡ್ ಸೈನ್’ ಎಂಬುದು ಹೆಸರಿಗಷ್ಟೇ ಸೈನ್, ಅಂದರೆ ನಯವಾಗಿ ಏರಿಳಿಯುವ ಅಲೆ. ಅದು ನಡುವೆ ಸ್ವಲ್ಪ ಬಿಡುವು ಕೊಟ್ಟ ಚೌಕ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್‌ಗೆ ಸಾಕಾದೀತು. ಫ್ರಿಜ್ ಇದ್ದರೆ ಪ್ಯೂರ್ ಸೈನ್ ವೇವ್ ಕೊಳ್ಳುವುದೇ ಲೇಸು.

ಶುದ್ಧ ಅಲೆ ಹುಟ್ಟಬೇಕಾದರೆ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುವ ಸ್ವಿಚ್ಚು ಬೇಕು. 1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಐಜಿಬಿಟಿ ಎಂಬ ಸ್ವಿಚ್ಚನ್ನು ರೂಪಿಸಿದವರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದ ಬಿ. ಜಯಂತ್ ಬಾಳಿಗಾ. ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ 2024ರಲ್ಲಿ ಸಂದಿತು. 12 ವೋಲ್ಟಿನ ಸಣ್ಣ ಇನ್ವರ್ಟರ್ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಇರುವುದು ಮಾಸ್‌ಫೆಟ್ ಎಂಬ ಇನ್ನೊಂದು ಬಗೆಯ ಸ್ವಿಚ್ಚು. ಆದರೆ ದೊಡ್ಡ ಸೋಲಾರ್ ಇನ್ವರ್ಟರ್‌ಗಳಲ್ಲಿ, ಎಲೆಕ್ಟ್ರಿಕ್ ಕಾರು, ರೈಲುಗಳಲ್ಲಿ ದುಡಿಯುತ್ತಿರುವುದು ಬಾಳಿಗಾರ ಸ್ವಿಚ್ಚು. ಕನ್ನಡಿಗರು ಇದನ್ನು ಇನ್ನಷ್ಟು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ವ್ಯಾಟ್ ಲೆಕ್ಕಕ್ಕೆ ಬರೋಣ. ಓಡುವಾಗ 120 ವ್ಯಾಟ್ ತಿನ್ನುವ ಹಳೆಯ ಮಾದರಿಯ ಫ್ರಿಜ್, ಕಂಪ್ರೆಸರ್ ಹೊರಡುವ ಕ್ಷಣಕ್ಕೆ ಐದಾರು ಪಟ್ಟು ಕೇಳುತ್ತದೆ. ದಪ್ಪ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವ ಇನ್ವರ್ಟರ್ ಸಾಮಾನ್ಯವಾಗಿ ಈ ಹೊಡೆತವನ್ನು ಕೆಲವು ಸೆಕೆಂಡು ತಾಳಿಕೊಳ್ಳುತ್ತದೆ. ಕೈಯಲ್ಲಿ ಹಗುರಾಗಿ ಎತ್ತಬಹುದಾದದ್ದು ಎಷ್ಟೋ ಸಲ ಟ್ರಿಪ್ ಆಗುತ್ತದೆ. ಇನ್ನು 2,000 ವ್ಯಾಟಿನ ಲೋಡ್ ಇದ್ದರೆ 12 ವೋಲ್ಟ್ ಬ್ಯಾಟರಿಯ ವೈರಿನಲ್ಲಿ ಸುಮಾರು 167 ಆಂಪಿಯರ್ ಹರಿಯುತ್ತದೆ, 48 ವೋಲ್ಟಾದರೆ ಬರೀ 42. ಅದೇ ವೈರಿನಲ್ಲಿ ಪೋಲಾಗುವ ಶಕ್ತಿ ಹದಿನಾರನೇ ಒಂದಕ್ಕಿಳಿಯುತ್ತದೆ.

ಜಾಹೀರಾತಿನಲ್ಲಿ ಅಪರೂಪಕ್ಕೂ ಕಾಣದ ಅಂಕಿಯೊಂದಿದೆ: ಯಾವ ಲೋಡೂ ಇಲ್ಲದೆ ಇನ್ವರ್ಟರ್ ತಾನೇ ತಿನ್ನುವ ಕರೆಂಟು. 20 ವ್ಯಾಟ್ ಎಂದಿಟ್ಟುಕೊಂಡರೂ ದಿನಕ್ಕೆ 480 ವ್ಯಾಟ್‌ಅವರ್. 12 ವೋಲ್ಟ್, 150 ಆಂಪಿಯರ್‌ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಲ್ಲಿರುವುದೇ 1,800. ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ಅಂದರೆ ಆಷಾಢದ ಮೋಡದಲ್ಲಿ ಬಿಸಿಲೇ ಕಾಣದ ದಿನ, ಕೈಗೆ ಸಿಗುವ 900ರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ವರ್ಟರ್ ಒಂದೇ ನುಂಗಿರುತ್ತದೆ. ಫ್ರಿಜ್ ಇಲ್ಲದ ಸಣ್ಣ ಮನೆಯಾದರೆ ದೀಪಗಳಿಗೆ ಬ್ಯಾಟರಿಯಿಂದಲೇ ಬೇರೆ ಡಿಸಿ ಲೈನ್ ಎಳೆಸಿ, ಮಿಕ್ಸಿ ತಿರುಗಿಸುವಾಗಷ್ಟೇ ಇನ್ವರ್ಟರ್ ಆನ್ ಮಾಡಿದರಾಯಿತು.