ಕೈ ಹೋಗದ ಜಾಗದಲ್ಲೊಂದು ಬಲ್ಬು

ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ, ಹಾಸನದಿಂದ ಗೊರೂರಿನ ಮೇಲೆ ಅರಕಲಗೂಡಿಗೆ ಹೋಗುವ ರಸ್ತೆಗಳಿಗೆ ಬೆಂಗಳೂರು–ಮಂಗಳೂರು ಹೆದ್ದಾರಿಯ ಹಾಗೆ ನಡುವೆ ವಿಭಜಕವಿಲ್ಲ. ರಾತ್ರಿ ಎದುರಿನಿಂದ ಒಂಟಿ ದೀಪ ಬಂದರೆ ಬೈಕ್ ಎಂದುಕೊಂಡು ಚಾಲಕ ಬೈಕಿಗೆ ಬೇಕಾದಷ್ಟೇ ಜಾಗ ಬಿಡುತ್ತಾನೆ. ಬರುತ್ತಿರುವುದು ಬಲಗಡೆಯ ಹೆಡ್‌ಲೈಟ್ ಸುಟ್ಟುಹೋದ ಕಾರಾಗಿದ್ದರೆ? ನಮ್ಮಲ್ಲಿ ವಾಹನಗಳು ರಸ್ತೆಯ ಎಡಕ್ಕೆ ಓಡುತ್ತವೆ. ಕಾರಿನ ಬಲಮಗ್ಗುಲು ರಸ್ತೆಯ ನಡುವಿಗಿರುತ್ತದೆ. ಉರಿಯುವ ಎಡದೀಪ ರಸ್ತೆಯ ಅಂಚಿನಲ್ಲಿ ಕಾಣುತ್ತದೆ, ಅದರಾಚೆಯ ನಾಲ್ಕಡಿಗೂ ಹೆಚ್ಚು ಅಗಲದ ಲೋಹ ಕತ್ತಲಲ್ಲಿ ಎದುರಿನವನ ದಾರಿಯ ಕಡೆಗೆ ಚಾಚಿಕೊಂಡಿರುತ್ತದೆ.

ಆ ಬಲ್ಬಿನ ಬೆಲೆ ಕೆಲವು ನೂರು ರೂಪಾಯಿ. ಆದರೂ ಅದನ್ನು ಬದಲಿಸದೆ ವಾರಗಟ್ಟಲೆ ಓಡಾಡುವವರಿದ್ದಾರೆ. ಉದಾಸೀನ ಒಂದು ಕಾರಣವಾದರೆ ಇನ್ನೊಂದು ಬಾನೆಟ್ಟಿನ ಕೆಳಗಿದೆ: ಬಲ್ಬಿನ ತನಕ ಕೈ ಹೋಗುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಅಂಬಾಸಿಡರ್ ಕಾರಿನಲ್ಲಿ ದೀಪದ ಸುತ್ತಲಿನ ಹೊಳೆಯುವ ಬಳೆಯನ್ನು ಬಿಚ್ಚಿದರೆ ದುಂಡನೆಯ ದೀಪವೇ ಮುಂದಕ್ಕೆ ಬರುತ್ತಿತ್ತು. 1983ರಲ್ಲಿ ಬಂದ ಮಾರುತಿ 800ರಲ್ಲಿ ಬಾನೆಟ್ ಎತ್ತಿ, ದೀಪದ ಬೆನ್ನಿಗಿದ್ದ ರಬ್ಬರ್ ಮುಚ್ಚಳ ಕಿತ್ತರೆ ಬಲ್ಬು ಕೈಗೆ ಸಿಗುತ್ತಿತ್ತು. ಆಮೇಲೆ ಎಂಜಿನ್ ಕೋಣೆಯೊಳಗೆ ಎ.ಸಿ. ಬಂತು, ಪವರ್ ಸ್ಟೀರಿಂಗ್ ಬಂತು, ದೊಡ್ಡ ಏರ್ ಫಿಲ್ಟರ್ ಪೆಟ್ಟಿಗೆ, ಎಬಿಎಸ್, ಕಂಪ್ಯೂಟರ್ ಪೆಟ್ಟಿಗೆಗಳು ಬಂದವು. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರಿಗಿಂತ ಗಿಡ್ಡ ಇರುವ, ಸಣ್ಣ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಕಂಪನಿಗಳು ಅದೇ ಅಳತೆಯೊಳಗೆ ಐದು ಜನರಿಗೆ ಕಾಲು ಚಾಚಲು ಜಾಗ ಮಾಡಬೇಕಾಯಿತು. ಉದ್ದ ಕಡಿಮೆಯಾಗಿ ಒಳಗಿನ ಜಾಗ ಹೆಚ್ಚಬೇಕೆಂದರೆ ಮೂಗೇ ಕುಗ್ಗಬೇಕು. ಕುಗ್ಗಿದ ಮೂಗಿನೊಳಗೆ ಹೆಡ್‌ಲೈಟಿನ ಬೆನ್ನಿಗೆ ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ಫಿಲ್ಟರ್ ಪೆಟ್ಟಿಗೆಯೋ ವೈಪರ್ ನೀರಿನ ಡಬ್ಬಿಯೋ ಅಂಟಿ ಕೂತವು. ಕೆಲವು ಮಾದರಿಗಳಲ್ಲಿ ಬಲ್ಬು ಬದಲಿಸಲು ಬಂಪರನ್ನೇ ಕಳಚಬೇಕು.

ವಿಚಿತ್ರವೆಂದರೆ, ಬಲ್ಬನ್ನು ರೂಪಿಸಿದವರು ಅದನ್ನು ಕಣ್ಣಿಗೆ ಕಾಣದೆಯೂ ಕೂರಿಸುವಂತೆ ರೂಪಿಸಿದ್ದಾರೆ. ನಮ್ಮ ಕಾರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಎಚ್4 ಬಲ್ಬನ್ನೇ ನೋಡಿ. 1971ರಿಂದ ಬಳಕೆಯಲ್ಲಿರುವ ಇದರ ಲೋಹದ ಬಿಲ್ಲೆಗೆ ಮೂರು ಕಿವಿಗಳಿವೆ. ಅವುಗಳಲ್ಲಿ ಒಂದು ಅಗಲ. ಅಗಲದ ಕಿವಿ ಮೇಲೆ ಬಂದಾಗ ಮಾತ್ರ ಬಲ್ಬು ಗುಳಿಯೊಳಗೆ ಕೂರುತ್ತದೆ. ಬೆರಳ ತುದಿಗೆ ಇದು ಗೊತ್ತಾಗುತ್ತದೆ. ಇಷ್ಟು ಕರಾರುವಾಕ್ಕು ಏಕೆಂದರೆ ಒಳಗೆ ಎರಡು ತಂತಿಸುರುಳಿಗಳಿವೆ: ಬ್ರೈಟಿಗೆ 60 ವ್ಯಾಟಿನದು, ಡಿಮ್ಮಿಗೆ 55 ವ್ಯಾಟಿನದು. ಡಿಮ್ ಸುರುಳಿಯ ಕೆಳಗೆ ಪುಟ್ಟ ಲೋಹದ ತೊಟ್ಟಿಲಿದೆ. ಅದು ಬೆಳಕನ್ನು ಕನ್ನಡಿಯ ಮೇಲರ್ಧಕ್ಕೆ ಮಾತ್ರ ಬಿಡುತ್ತದೆ. ಕನ್ನಡಿ ಅದನ್ನು ತಗ್ಗಿಸಿ ರಸ್ತೆಗೆ ಚೆಲ್ಲುತ್ತದೆ. ಬೆಳಕಿನ ಅಂಚು ಎಡಕ್ಕೆ ಮಾತ್ರ ತುಸು ಏರುವುದರಿಂದ ರಸ್ತೆಬದಿಯಲ್ಲಿ ನಡೆಯುವವರು ಕಾಣುತ್ತಾರೆ, ಎದುರಿನವರ ಕಣ್ಣು ಕುಕ್ಕುವುದಿಲ್ಲ. ಬಲ್ಬು ಒಂದೆರಡು ಮಿಲಿಮೀಟರ್ ಓರೆಯಾಗಿ ಕೂತರೂ ಈ ಲೆಕ್ಕವೆಲ್ಲ ತಪ್ಪುತ್ತದೆ.

ಗಾಜಿನದು ಬೇರೆಯೇ ಕತೆ. ಎಚ್4ನಂಥ ಹ್ಯಾಲೊಜೆನ್ ಬಲ್ಬಿನ ಟಂಗ್‌ಸ್ಟನ್ ಸುರುಳಿ ಸುಮಾರು 2,900 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯುತ್ತದೆ. ಆ ಕಾವಿಗೆ ಲೋಹದ ಕಣಗಳು ಆವಿಯಾಗಿ ಹಾರುತ್ತವೆ. ಹಳೆಯ ಬಲ್ಬುಗಳಲ್ಲಿ ಅವು ಗಾಜಿಗೆ ಅಂಟಿ ಮಸಿ ಹಿಡಿಸುತ್ತಿದ್ದವು. 1959ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಬಲ್ಬಿನೊಳಗೆ ತುಸು ಅಯೋಡಿನ್ ಸೇರಿಸಿ ಇದಕ್ಕೆ ದಾರಿ ಕಂಡಿತು. ಅಯೋಡಿನ್‌ನಂಥ ಹ್ಯಾಲೊಜೆನ್ ಅನಿಲ ಹಾರಿಹೋದ ಟಂಗ್‌ಸ್ಟನ್ನನ್ನು ಹಿಡಿದು ಮತ್ತೆ ಸುರುಳಿಯ ಹತ್ತಿರಕ್ಕೆ ತಂದು ಬಿಡುತ್ತದೆ. ಈ ಚಕ್ರ ನಡೆಯಬೇಕಾದರೆ ಗಾಜಿನ ಗೋಡೆಯೂ 250 ಡಿಗ್ರಿಗಿಂತ ಹೆಚ್ಚು ಬಿಸಿಯಿರಬೇಕು. ಆದ್ದರಿಂದಲೇ ಬಲ್ಬು ಅಷ್ಟು ಚಿಕ್ಕದು, ಅದರ ಗಾಜು ಕ್ವಾರ್ಟ್ಜಿನಂಥ ಗಟ್ಟಿ ಜಾತಿಯದು. ಬೆರಳಿನ ಬೆವರು, ಜಿಡ್ಡು ಅದಕ್ಕೆ ತಾಗಿದರೆ ಬೆವರಿನ ಉಪ್ಪಿನಲ್ಲಿರುವ ಸೋಡಿಯಂ ಕಾದ ಗಾಜಿನ ರಚನೆಯನ್ನು ಕೆಡಿಸುತ್ತದೆ. ಆ ಜಾಗ ಬೆಳ್ಳಗಾಗಿ, ದುರ್ಬಲವಾಗಿ, ಒಡೆಯಲೂಬಹುದು. ಹೊಸ ಬಲ್ಬನ್ನು ಲೋಹದ ಬುಡದಲ್ಲೇ ಹಿಡಿಯಬೇಕೆಂದು ಮೆಕ್ಯಾನಿಕ್ ಹೇಳುವುದು ಇದಕ್ಕೇ. ತಾಗಿದ್ದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು.

ಇನ್ನು ಕೈ ಹೋಗುವ ದಾರಿ. ಗಾಡಿ ಆಫ್ ಮಾಡಿ ದೀಪ ಆರಲು ಬಿಡಬೇಕು. ಆಗಷ್ಟೇ ಉರಿದ ಬಲ್ಬು ಚರ್ಮ ಸುಡುತ್ತದೆ. ಮುಚ್ಚಳ ತೆಗೆದ ಮೇಲೆ ಮೊಬೈಲನ್ನು ಒಳಗೆ ತೂರಿಸಿ ಬಲ್ಬನ್ನು ಹಿಡಿದಿಡುವ ತಂತಿ ಕ್ಲಿಪ್ ಹೇಗೆ ಕೂತಿದೆಯೆಂದು ಒಂದು ಫೋಟೊ ತೆಗೆದಿಟ್ಟುಕೊಳ್ಳುವುದು ಈ ಕೆಲಸದಲ್ಲಿ ಅತ್ಯಂತ ಉಪಯುಕ್ತವಾದ ಹೆಜ್ಜೆ. ಕ್ಲಿಪ್ ಯಾವ ಕಡೆಗೆ ಬಿಚ್ಚುತ್ತದೆಂಬುದು ತಿಳಿಯದೆ ಅದನ್ನು ಬಗ್ಗಿಸಿಬಿಟ್ಟು, ಆಮೇಲೆ ಇಡೀ ಹೆಡ್‌ಲೈಟ್ ಕೊಳ್ಳಬೇಕಾದವರು ಉಂಟು. ಬ್ಯಾಟರಿ ಅಡ್ಡ ಬಂದರೆ ಮೊದಲು ನೆಗೆಟಿವ್ ತಂತಿ ಬಿಚ್ಚಿ ಬ್ಯಾಟರಿಯನ್ನು ಸರಿಸುವುದು, ಫಿಲ್ಟರ್ ಪೆಟ್ಟಿಗೆ ಅಡ್ಡವಾದರೆ ಅದನ್ನು ಎತ್ತಿಡುವುದು, ಕೈ ತುರುಕಿ ಗೀಚಿಕೊಳ್ಳುವುದಕ್ಕಿಂತ ಬೇಗ ಮುಗಿಯುತ್ತದೆ. ಫಾಗ್ ಲೈಟಿಗೆ ಹಲವು ಕಾರುಗಳಲ್ಲಿ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಕಡೆಯಿಂದಲೇ ದಾರಿ. ಎಡಗಡೆಯದಾದರೆ ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಬೇಕು; ಟೈರಿನ ಮುಂಭಾಗ ಒಳಕ್ಕೆ ಸರಿದು ಜಾಗವಾಗುತ್ತದೆ. ಕೊನೆಗೆ ರಬ್ಬರ್ ಮುಚ್ಚಳವನ್ನು ಸುತ್ತಲೂ ಒತ್ತಿ ಕೂರಿಸಬೇಕು. ಒಂದು ಕಡೆ ಬಾಯ್ದೆರೆದಿದ್ದರೂ ಆಷಾಢದ ಮಳೆಯಲ್ಲಿ ಒಳಗೆ ನೀರಾಡಿ ಕನ್ನಡಿಯ ಹೊಳಪು ಹೋಗುತ್ತದೆ.

ಎರಡೂ ಬಲ್ಬುಗಳ ವಯಸ್ಸು ಒಂದೇ ಆಗಿದ್ದರೆ ಒಂದರ ಹಿಂದೆ ಇನ್ನೊಂದು ಹೋಗುತ್ತದೆ. ಬಂಪರ್ ಬಿಚ್ಚಿದ ಮೇಲೆ ಎರಡನ್ನೂ ಬದಲಿಸಿ, ಇನ್ನೂ ಉರಿಯುವ ಹಳೆಯದನ್ನು ಗಾಡಿಯಲ್ಲೇ ಇಟ್ಟುಕೊಳ್ಳುವುದು ಜಾಣತನ. ಬಲ್ಬು ಪದೇ ಪದೇ ಸುಡುತ್ತಿದ್ದರೆ ತಪ್ಪು ಬಲ್ಬಿನದಲ್ಲ, ಚಾರ್ಜಿಂಗ್ ವೋಲ್ಟೇಜನ್ನು ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಬೇಕು: ವೋಲ್ಟೇಜ್ ಶೇ 5ರಷ್ಟು ಏರಿದರೆ ಸಾಕು, ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಈ ಕಷ್ಟದ ನಡುವೆ ಹೇಗೂ ಬಿಚ್ಚಿದ್ದೇವಲ್ಲ, ಜೋರು ಬೆಳಕಿನದೇ ಇರಲಿ ಎಂದು 100 ವ್ಯಾಟಿನ ಬಲ್ಬು ಹಾಕಿಸುವವರು ಹೆಚ್ಚು. 60 ವ್ಯಾಟಿಗೆ 5 ಆಂಪಿಯರ್ ಹರಿಯುವ ತಂತಿಯಲ್ಲಿ ಆಗ ಎಂಟಕ್ಕೂ ಹೆಚ್ಚು ಆಂಪಿಯರ್ ಹರಿಯುತ್ತದೆ. ತಂತಿಯ ಬಿಸಿ ಮೂರು ಪಟ್ಟಿನ ಹತ್ತಿರಕ್ಕೆ ಏರಿ ಹೋಲ್ಡರ್ ಕರಗುತ್ತದೆ. ಹ್ಯಾಲೊಜೆನ್ ಗುಳಿಗೆ ತುರುಕುವ ಅಗ್ಗದ ಎಲ್‌ಇಡಿಗಳಲ್ಲಿ ಬೆಳಕಿನ ಬಿಂದು ಸುರುಳಿಯಿದ್ದ ಜಾಗದಲ್ಲಿ ಇರುವುದೇ ಅಪರೂಪ. ಅಂಥ ಕಾರು ಬಂದರೆ ಅರಕಲಗೂಡಿನ ದಾರಿಯ ತಿರುವಿನಲ್ಲಿ ಎದುರಿನ ಬೈಕ್ ಸವಾರನಿಗೆ ರಸ್ತೆಯೇ ಕಾಣದು. ಇದು ಇನ್ನೊಬ್ಬರ ಜೀವದ ಪ್ರಶ್ನೆ.

ವಿಶ್ವಸಂಸ್ಥೆಯ ವಾಹನ ನಿಯಮಾವಳಿಗಳಲ್ಲಿ 48ನೆಯದು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಬದಲಿಸಬಹುದಾದ ಬಲ್ಬನ್ನು ತಜ್ಞರ ನೆರವಿಲ್ಲದೆ, ಕಾರಿನ ಜೊತೆ ಕೊಟ್ಟದ್ದನ್ನು ಬಿಟ್ಟು ಬೇರೆ ವಿಶೇಷ ಉಪಕರಣವಿಲ್ಲದೆ ಬದಲಿಸುವಂತಿರಬೇಕು, ಅದರ ವಿವರಣೆಯನ್ನೂ ಕಂಪನಿ ಕೊಡಬೇಕು. ಹೊಸ ಕಾರು ನೋಡಲು ಹಾಸನದ ಶೋರೂಮಿಗೆ ಹೋಗುವವರು ಮೈಲೇಜು ಕೇಳುವ ಮೊದಲು ಬಾನೆಟ್ ಎತ್ತಿಸಿ, ಹೆಡ್‌ಲೈಟಿನ ಹಿಂದೆ ಸ್ವತಃ ಕೈ ಹಾಕಿ ನೋಡಲಿ. ಈಗಾಗಲೇ ಕಾರಿದ್ದವರು ಮುಂಗಾರಿಗೆ ಮುಂಚೆ ಒಂದು ಸಂಜೆ ಗೋಡೆಯೆದುರು ಗಾಡಿ ನಿಲ್ಲಿಸಿ ಡಿಮ್, ಬ್ರೈಟ್, ಇಂಡಿಕೇಟರ್, ಬ್ರೇಕ್ ಲೈಟುಗಳನ್ನು ಒಂದೊಂದಾಗಿ ಪರೀಕ್ಷಿಸಲಿ. ಬಲಗಡೆಯ ಹೆಡ್‌ಲೈಟನ್ನು ಮೊದಲು ನೋಡಲಿ.