ನೂರು ವರ್ಷದ ಮನೆಗೆ ಹೊಸ ಅಡುಗೆಮನೆ

ಲಾಸ್ ಏಂಜಲೀಸ್ ಪಕ್ಕದ ಪ್ಯಾಸಡೀನಾದಲ್ಲಿ ‘ಬಂಗಲೋ ಹೆವನ್’ ಎಂಬ ಬಡಾವಣೆಯಿದೆ. ತಗ್ಗಾದ ಇಳಿಜಾರು ಮಾಡು, ಗೋಡೆಯಿಂದಾಚೆ ಚಾಚಿಕೊಂಡ ಅಗಲವಾದ ಸೂರು, ಅದರಡಿ ಮುಚ್ಚುಮರೆಯಿಲ್ಲದೆ ಕಾಣುವ ಜಂತೆಗಳು, ಮುಂದೆ ದಪ್ಪ ಕಂಬಗಳ ಜಗಲಿ. ಕ್ರಾಫ್ಟ್ಸ್‌ಮನ್ ಶೈಲಿಯ ಇಂಥ ಮನೆಗಳು ಅಲ್ಲಿ ಬೀದಿಬೀದಿಗೂ ಸಾಲಾಗಿ ನಿಂತಿವೆ. 1989ರಲ್ಲಿ ಬಡಾವಣೆಗೆ ಸಂರಕ್ಷಣೆಯ ಮಾನ್ಯತೆ ಸಿಕ್ಕಿತು. ಬೀದಿಗೆ ಕಾಣುವ ಮುಖಕ್ಕೇನೋ ಕಾವಲಿದೆ, ಒಳಗಿನ ಅಡುಗೆಮನೆಗೆ ಇಲ್ಲ. ಈ ಶೈಲಿಯ ಮನೆಗಳು ಅತಿ ಹೆಚ್ಚು ಕಳೆದುಕೊಂಡಿರುವುದೂ ಅಡುಗೆಮನೆಯಲ್ಲೇ.

ಈ ಶೈಲಿಯ ಬೇರು ಇಂಗ್ಲೆಂಡಿನಲ್ಲಿದೆ. ಕಾರ್ಖಾನೆಯ ಅಗ್ಗದ ಅಲಂಕಾರಕ್ಕೆ ಬೇಸತ್ತು ಅಲ್ಲಿ ವಿಲಿಯಂ ಮಾರಿಸ್ ಮತ್ತು ಸಂಗಡಿಗರು ಕೈಕಸುಬಿನ ಮಹತ್ವವನ್ನು ಎತ್ತಿಹಿಡಿದರು. ಆ ವಿಚಾರವನ್ನು ಅಮೆರಿಕದಲ್ಲಿ ಹರಡಿದವರಲ್ಲಿ ಪೀಠೋಪಕರಣ ತಯಾರಕ ಗುಸ್ಟಾವ್ ಸ್ಟಿಕ್ಲಿ ಪ್ರಮುಖ. ಶೈಲಿಗೆ ಹೆಸರು ಬಂದದ್ದು 1901ರಿಂದ 1916ರವರೆಗೆ ಅವನು ನಡೆಸಿದ ‘ದಿ ಕ್ರಾಫ್ಟ್ಸ್‌ಮನ್’ ಪತ್ರಿಕೆಯಿಂದ. 1908ರಲ್ಲಿ ಸಿಯರ್ಸ್ ಕಂಪನಿ ಅಂಚೆ ಕ್ಯಾಟಲಾಗಿನ ಮೂಲಕ ಮನೆಗಳನ್ನೇ ಮಾರತೊಡಗಿತು. ತೊಲೆ, ಬಾಗಿಲು, ಮೊಳೆ ಎಲ್ಲವೂ ರೈಲಿನಲ್ಲಿ ಬಂದಿಳಿಯುತ್ತಿದ್ದವು. ಹೀಗೆ ಮಧ್ಯಮ ವರ್ಗದವರಿಗೂ ಈ ಬಗೆಯ ಮನೆ ಕೈಗೆಟುಕಿತು.

ನವೀಕರಣಕ್ಕೆ ಇಳಿಯುವ ಅನೇಕರು ಹಜಾರದಲ್ಲಿರುವ ಕಂದುಬಣ್ಣದ ಓಕ್ ಮರಗೆಲಸವನ್ನೇ ಅಡುಗೆಮನೆಗೂ ತರುತ್ತಾರೆ. ಹಳೆಯ ಕಳೆ ಬರುತ್ತದೆಂಬ ನಂಬಿಕೆ. ಆದರೆ ಆ ಕಾಲದ ಅಡುಗೆಮನೆ ಹಾಗಿರಲಿಲ್ಲ. ರೋಗಾಣುಗಳ ಅರಿವು ಮನೆಮನೆಗೆ ತಲುಪಿದ್ದ ದಿನಗಳವು. ಕೊಳೆ ತಕ್ಷಣ ಕಣ್ಣಿಗೆ ಬೀಳಬೇಕು, ಒರೆಸಿದರೆ ಹೋಗಬೇಕು. ಅದಕ್ಕೆಂದೇ ಬಿಳಿ ಬಣ್ಣ ಬಳಿದ ಕಪಾಟುಗಳು, ಬಿಳಿ ಟೈಲ್ಸ್, ನೆಲಕ್ಕೆ ಲಿನೋಲಿಯಂ. ಕಪಾಟಿನ ಬಾಗಿಲುಗಳು ಚೌಕಟ್ಟಿನ ಮೇಲೆ ಕೂರದೆ, ಅದರೊಳಗೆ ಸಮತಟ್ಟಾಗಿ ಹೊಂದಿಕೊಳ್ಳುತ್ತಿದ್ದವು. ಹೊಸ ಅಡುಗೆಮನೆಯನ್ನು ಹಳೆಯ ಮನೆಯ ಜೊತೆ ಬೆಸೆಯಲು ಈ ಒಂದು ವಿವರ ಮಾಡುವ ಕೆಲಸವನ್ನು ಎಷ್ಟೇ ಬೆಲೆಯ ಗ್ರಾನೈಟೂ ಮಾಡಲಾರದು.

ಶ್ರೀಮಂತರ ಮನೆಯಲ್ಲೂ ಇದೇ ನೇರ ಸರಳತೆ. ವಾಸ್ತುಶಿಲ್ಪಿಗಳಾದ ಗ್ರೀನ್ ಸಹೋದರರು 1908ರಲ್ಲಿ ಪ್ಯಾಸಡೀನಾದಲ್ಲೇ ವಿನ್ಯಾಸಗೊಳಿಸಿದ ಗ್ಯಾಂಬಲ್ ಹೌಸ್‌ನಲ್ಲಿ ಹಜಾರದ ಮರಗೆಲಸ ಒಡವೆಯಂತಿದೆ. ಅಡುಗೆಮನೆಗೆ ಬಂದರೆ ತಿಳಿಬಣ್ಣದ ಮೇಪಲ್ ಕಪಾಟು, ಬಿಳಿ ಟೈಲ್ಸ್, ನಡುವೆ ಕೆಲಸದ ಮೇಜು. ಅಲಂಕಾರವಿಲ್ಲ, ಆದರೆ ಕುಸುರಿಯಲ್ಲಿ ಕೊರತೆಯೂ ಇಲ್ಲ. ಅಡುಗೆಮನೆ ಕೆಡವುವ ಮುನ್ನ ಇದನ್ನೊಮ್ಮೆ ನೋಡಿಬರುವುದು ಒಳ್ಳೆಯದು, ಸಾರ್ವಜನಿಕರಿಗೆ ಪ್ರವೇಶವಿದೆ.

ಗೋಡೆ ಕೆಡವಿ ಅಡುಗೆಮನೆ, ಊಟದ ಕೋಣೆ ಒಂದು ಮಾಡುವುದು ಈಗಿನ ರೂಢಿ. ಅದಕ್ಕೆ ಅವಸರ ಬೇಡ. ನಡುಗೋಡೆ ಮಾಡಿನ ಭಾರ ಹೊತ್ತಿರಬಹುದು. ಅದು ಹೋದರೆ ಊಟದ ಕೋಣೆಯಲ್ಲಿ ಗೋಡೆಗೇ ಸೇರಿಸಿ ಕಟ್ಟಿದ ಪಾತ್ರೆ ಕಪಾಟೂ ಹೋಗುತ್ತದೆ, ಮನೆಯ ಜೀವಾಳವೇ ಅದು. ಬದಲಿಗೆ ಬಾಗಿಲಿನ ಜಾಗವನ್ನು ಕೊಂಚ ಅಗಲ ಮಾಡಿದರೂ ಬೆಳಕು ಬರುತ್ತದೆ. ಹಿತ್ತಿಲ ಕಡೆಯ ಚಿಕ್ಕ ಜಗಲಿಯನ್ನೋ ಉಗ್ರಾಣವನ್ನೋ ಸೇರಿಸಿಕೊಂಡರೆ ಫ್ರಿಜ್ಜಿಗೆ ಜಾಗ ಸಿಗುತ್ತದೆ.

ಕ್ಯಾಲಿಫೋರ್ನಿಯಾದ ಹಲವು ಮನೆಗಳಲ್ಲಿ ಫ್ರಿಜ್ ಬರುವ ಮೊದಲು ತಂಪು ಕಪಾಟು ಇತ್ತು. ಹೊರಗೋಡೆಗೆ ಹೊಂದಿಕೊಂಡ ಎತ್ತರದ ಗೂಡು. ಗಾಳಿಯಾಡಲು ಸಂದು ಬಿಟ್ಟ ಪಟ್ಟಿಗಳ ಅಡ್ಡಹಲಗೆಗಳು. ಕೆಳಗೂ ಮೇಲೂ ಜಾಲರಿ. ಕೆಳಗಿನಿಂದ ತಣ್ಣನೆ ಗಾಳಿ ಒಳಬಂದು, ಬೆಚ್ಚಗಾಗಿ ಮೇಲಿನಿಂದ ಹೊರಹೋಗುತ್ತದೆ. ವಿದ್ಯುತ್ತೇ ಬೇಡ. ಇದನ್ನು ಕಿತ್ತು ಕಸಕ್ಕೆ ಹಾಕುವುದು ದೊಡ್ಡ ನಷ್ಟ: ಈರುಳ್ಳಿ, ಆಲೂಗೆಡ್ಡೆ, ಹಣ್ಣುಗಳಿಗೆ ಇಂದಿಗೂ ಇದಕ್ಕಿಂತ ಹಿತವಾದ ಜಾಗವಿಲ್ಲ.

ಕಿಟಕಿಗಳದು ಬೇರೆಯೇ ತೊಡಕು. ಈಗ ಅಡುಗೆ ಕಟ್ಟೆಯ ಎತ್ತರ 36 ಇಂಚು, ಹಳೆಯ ಕಿಟಕಿಯ ಕೆಳ ಅಂಚು ಎಷ್ಟೋ ಕಡೆ ಅದಕ್ಕಿಂತ ಕೆಳಗೆ. ಆ ಜಾಗದಲ್ಲಿ ಕಟ್ಟೆಯ ಬದಲು ಕುಳಿತು ತಿನ್ನುವ ಬೆಂಚು, ಚಿಕ್ಕ ಮೇಜು ಹಾಕಿದರೆ ಕಿಟಕಿಯೂ ಉಳಿಯುತ್ತದೆ, ಆ ಕಾಲದ ಪದ್ಧತಿಗೂ ಒಪ್ಪುತ್ತದೆ.

ಹೆಚ್ಚು ಹಣ ನುಂಗುವುದು ಗೋಡೆಯೊಳಗಿರುವ ಸಂಗತಿ. ಪಿಂಗಾಣಿ ಗುಬ್ಬಿಗಳ ಮೇಲೆ ಎಳೆದ ಹಳೆಯ ತಂತಿಗೆ ಅರ್ಥಿಂಗ್ ಇರುವುದಿಲ್ಲ. ಮೈಕ್ರೋವೇವ್, ಮಿಕ್ಸಿಗಳ ಹೊರೆಗೆ ಅದು ಮಾಡಿದ್ದೂ ಅಲ್ಲ. ಅಮೆರಿಕದಲ್ಲಿ ಮನೆಬಣ್ಣಕ್ಕೆ ಸೀಸ ಬೆರೆಸುವುದು ನಿಷೇಧವಾದದ್ದು 1978ರಲ್ಲಿ. ಅದಕ್ಕೂ ಹಳೆಯ ಮನೆಯ ಬಣ್ಣ ಕೆರೆಯುವ ಗುತ್ತಿಗೆದಾರರಿಗೆ ತರಬೇತಿ, ಪ್ರಮಾಣಪತ್ರ ಕಡ್ಡಾಯವೆಂಬ ನಿಯಮ 2010ರಿಂದ ಜಾರಿಯಲ್ಲಿದೆ. ಕೆರೆದಾಗ ಏಳುವ ಸೀಸದ ಧೂಳು ಮಕ್ಕಳ ಮಿದುಳಿಗೆ ವಿಷ. ಮನೆ ಕಟ್ಟಿದ ನಂತರದ ದಶಕಗಳಲ್ಲಿ ಅಂಟಿಸಿದ ನೆಲಹಾಸಿನಲ್ಲಿ ಕಲ್ನಾರು ಇರಬಹುದು, ಪರೀಕ್ಷೆಯಾಗದೆ ಕೀಳಬಾರದು. ಪದರಗಳ ಅಡಿಯಲ್ಲಿ ಡಗ್ಲಸ್ ಫರ್ ಮರದ ನೆಲ ಸಿಕ್ಕರೆ ಮಾತ್ರ ಅದೃಷ್ಟ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಇಂಥ ಮನೆ ಕೊಂಡಾಗ ಒಗ್ಗರಣೆಯ ಘಾಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುವ ಚಿಮಣಿ ಸಾಲದು, ಹೊಗೆ ಕೊಳವೆಯಲ್ಲಿ ಹೊರಹೋಗಬೇಕು. ಕೊಳವೆಯ ಬಾಯಿ ಅಗಲವಾದ ಸೂರಿನ ಅಡಿಗೆ ಬಂದರೆ ಎಣ್ಣೆಹೊಗೆ ಅಲ್ಲೇ ಸಿಕ್ಕಿ ಜಂತೆಗಳು ಜಿಡ್ಡುಗಟ್ಟುತ್ತವೆ. ಮಾಡಿನ ಮೂಲಕ ಒಯ್ಯುವುದೇ ಲೇಸು. ಚಿಮಣಿ ತೀರಾ ಬಲವಾದದ್ದಾದರೆ ಹೊರಗಿನಿಂದ ಗಾಳಿ ಬರಲೂ ದಾರಿ ಮಾಡಬೇಕು. ಇಲ್ಲವಾದರೆ ಗ್ಯಾಸ್ ಗೀಸರಿನ ಕೊಳವೆಯಿಂದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಹಿಮ್ಮುಖವಾಗಿ ಬರುವ ಅಪಾಯವಿದೆ. ಕಪಾಟಿನ ಬಣ್ಣ ಆರಿಸುವ ಮೊದಲೇ ಈ ಕೊಳವೆಯ ದಾರಿ ನಕ್ಷೆಯಲ್ಲಿ ಗುರುತಾಗಬೇಕು.